ಹುಸೇನ್ ಸಾಬರ ಮಡಿ

ಹೊನ್ನಾಳಿ ಆಸ್ಪತ್ರೆಯ ಡ್ರೆಸ್ಸರ್ ಹುಸೇನ್ ಸಾಬರು ರೋಗಿಯನ್ನು ಮೊದಲು ಮೂಗಿನಿಂದ ನೋಡುತ್ತಿದ್ದರು. ಹೆಸರು, ಊರು ಕೇಳುವುದೆಲ್ಲ ಆಮೇಲೆ. ಗಾಯದ ಪಟ್ಟಿ ಬಿಚ್ಚುವ ಮುಂಚೆಯೇ ಬಾಗಿ ಒಮ್ಮೆ ಉಸಿರೆಳೆದು, "ಒಣಗಾಕೆ ಹತ್ತೈತೆ" ಎಂದೋ, "ಒಳಗೆ ಕೀವು ಕುಂತೈತೆ" ಎಂದೋ ಹೇಳಿಬಿಡುವರು. ಊರಿನ ಅರ್ಧ ಗಂಡಸರು ನಸ್ಯ ಏರಿಸುತ್ತಿದ್ದ ಆ ಕಾಲದಲ್ಲಿ ಅವರು ಮಾತ್ರ ನಸ್ಯದ ಡಬ್ಬಿಯ ಹತ್ತಿರ ಸುಳಿಯುತ್ತಿರಲಿಲ್ಲ. "ಮೂಗೇ ನನ್ನ ಅನ್ನ ಕಣ್ರೀ" ಎನ್ನುತ್ತಿದ್ದರು.

ಹುಟ್ಟೂರು ಚನ್ನಗಿರಿ. ಐವತ್ತು ದಾಟಿದ ಸಣಕಲು ಆಳು, ತಲೆಯ ಮೇಲೆ ಮಾಸಿದ ಟೋಪಿ. ಕೈಗಳನ್ನು ಮಾತ್ರ ದಿನವಿಡೀ ಬಿಸಿನೀರು, ಸೋಪಿನಲ್ಲಿ ತೊಳೆದು ತೊಳೆದು, ಬೆರಳ ತುದಿಗಳು ಸದಾ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು.

ಅವರ ಕೈಗೆ ನಾನು ಸಿಕ್ಕಿದ್ದು ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗ. ಆಗ ನಾನು ಹೊನ್ನಾಳಿಯಲ್ಲಿ ಶಾಲಾ ಮೇಷ್ಟ್ರು. ಪಿತ್ತಕೋಶದಲ್ಲಿ ಕಲ್ಲಾಗಿ, ದೂರದ ದೊಡ್ಡಾಸ್ಪತ್ರೆಯಲ್ಲಿ ಹೊಟ್ಟೆ ಕೊಯ್ಯಿಸಿಕೊಂಡು, ಆ ಕಲ್ಲುಗಳನ್ನು ಸಣ್ಣ ಸೀಸೆಯಲ್ಲಿ ಹಾಕಿಸಿಕೊಂಡು ಊರಿಗೆ ಬಂದಿದ್ದೆ. ನೋಡಲು ಬಂದವರಿಗೆಲ್ಲ ಸೀಸೆ ಅಲ್ಲಾಡಿಸಿ ತೋರಿಸುವುದೇ ನನ್ನ ಉದ್ಯೋಗವಾಯಿತು. ವಾರ ಕಳೆಯುವಷ್ಟರಲ್ಲಿ ಗಾಯ ಕೆಂಪಾಗಿ ಜ್ವರ ಹಿಡಿಯಿತು. ನಮ್ಮೂರ ಡಾಕ್ಟರು ಕೀವಿನ ಕ್ರಿಮಿ ಕೊಲ್ಲುವ ಸಲ್ಫಾ ಮಾತ್ರೆ ಬರೆದುಕೊಟ್ಟರು. ಯುದ್ಧದ ದೆಸೆಯಿಂದ ಅವು ಸಿಗುವುದೇ ದುರ್ಲಭ. ಸಾಬರು ಪೊಟ್ಟಣವನ್ನು ನನ್ನ ಕೈಗಿಟ್ಟು, "ಮೇಷ್ಟ್ರೇ, ಜ್ವರ ಬಿಟ್ರೂ ಮಾತ್ರೆ ಬಿಡಂಗಿಲ್ಲ. ಏಳು ದಿನ ಪೂರಾ ನುಂಗ್ರಿ" ಎಂದರು.

ಮೂರನೆಯ ದಿನಕ್ಕೆ ಜ್ವರ ಬಿಟ್ಟಿತು. ನಮ್ಮ ಮನೆತನದಲ್ಲಿ ಒಂದು ಪದ್ಧತಿ: ಗುಣ ಕಂಡ ಮದ್ದನ್ನು ಬಚ್ಚಿಟ್ಟುಕೊಳ್ಳಬಾರದು, ಕೇಳಿದವರಿಗೆ ಕೊಟ್ಟಷ್ಟೂ ಅದರ ಗುಣ ಹೆಚ್ಚುತ್ತದೆ. ಸೊಪ್ಪು ಬೇರು ಅರೆಯುತ್ತಿದ್ದ ಹಿರಿಯರ ಮಾತು. ನಾನು ಅದನ್ನು ಮಾತ್ರೆಗೂ ಅನ್ವಯಿಸಿದೆ. ಎದುರುಮನೆಯವರ ಕುರುವಿಗೆ ಎರಡು, ಹೆಡ್ಮಾಸ್ತರರ ಸೋರುವ ಕಿವಿಗೆ ಎರಡು, ಗೋವಿನಕೋವಿಯಿಂದ ಬಂದಿದ್ದ ಭಾವಮೈದುನನ ಎಮ್ಮೆಗೆ ಕೆಚ್ಚಲು ಬಾವಂತೆ, ಅದಕ್ಕೆ ಉಳಿದದ್ದಷ್ಟೂ. ಧರ್ಮಾತ್ಮ ಎನಿಸಿಕೊಂಡು ಮಲಗಿದೆ. ಆರನೆಯ ದಿನ ಚಳಿ ಹತ್ತಿ ಹಲ್ಲು ಕಟಕಟ ಎನ್ನತೊಡಗಿದವು.

ಸಾಬರು ಬಂದು ಬಾಗಿ ಮೂಸಿದರು. ಮಾತ್ರೆ ಎಲ್ಲಿ ಎಂದು ಕೇಳಿದಾಗ ಹೆಂಡತಿ ಸೀತೆ ಖಾಲಿ ಪೊಟ್ಟಣ ತೋರಿಸಿದಳು. ನಾನು ದಾನದ ವಿವರ ಒಪ್ಪಿಸಿದೆ.

"ಎಮ್ಮೆಗಾ?"

"ಎಮ್ಮೆಗೆ."

ತಲೆಯ ಮೇಲೆ ಕೈಹೊತ್ತು ಕುಳಿತರು. "ಹಾವಿಗೆ ಅರ್ಧ ಏಟು ಹಾಕಿ ಬಿಡ್ತಾರೇನ್ರೀ? ಸಾಯೋ ಕ್ರಿಮಿ ಸತ್ತವು. ಗಟ್ಟಿ ಇದ್ದವು ಉಳಕಂಡು, ಮಾತ್ರೆ ಅಂದ್ರೆ ಏನು ಅಂತ ಕಲ್ತುಬಿಟ್ಟವು. ಶಾಲೆಯಾಗೆ ಹುಡುಗ್ರಿಗೆ ಕಲಿಸಾಕೆ ಆಗದಿದ್ದನ್ನ ನೀವು ಹೊಟ್ಟೆಯಾಗಿನ ಕ್ರಿಮಿಗೆ ಕಲಿಸೀರಿ ನೋಡ್ರಿ!"

ಅವರ ಮಾತೇ ನಿಜವಾಯಿತು. ಡಾಕ್ಟರು ಹೇಗೋ ಹೊಂದಿಸಿ ಮತ್ತೆ ಅದೇ ಮಾತ್ರೆ ಕೊಟ್ಟರು, ಜ್ವರ ಜಗ್ಗಲಿಲ್ಲ. ಪೆನ್ಸಿಲಿನ್ ಎಂಬ ಹೊಸ ಮದ್ದಿನ ಹೆಸರನ್ನು ಪೇಪರಿನಲ್ಲಿ ಓದಿದ್ದೆವೇ ಹೊರತು ಹೊನ್ನಾಳಿಯಲ್ಲಿ ಅದನ್ನು ಕಂಡವರಿರಲಿಲ್ಲ. ಡಾಕ್ಟರು ಹೊಲಿಗೆ ಬಿಚ್ಚಿ ಕೀವು ಹರಿಯಬಿಟ್ಟು, ಮುಂದಿನದನ್ನು ಸಾಬರಿಗೆ ಒಪ್ಪಿಸಿ ಹೊರಟುಹೋದರು. ತೊಟ್ಟಿಲಲ್ಲಿ ಮೂರು ತಿಂಗಳ ಮಗಳಿದ್ದಳು. ಅವಳನ್ನು ನೋಡುತ್ತ ನನಗೆ ಸಾಯುವ ಭಯ ಹತ್ತಿತು. "ಇಂಥವು ನೂರು ನೋಡೀನಿ, ಸುಮ್ಕೆ ಮಲಗ್ರಿ" ಎಂದು ಸಾಬರು ಗದರಿದರು.

ಅಂದಿನಿಂದ ಮೂರು ವಾರ, ದಿನಕ್ಕೆರಡು ಸಲ ಬಂದರು. ಸೀತೆ ಬಟ್ಟೆ ಕುದಿಸಬೇಕು, ಉಪ್ಪುನೀರು ಕುದಿಸಬೇಕು. ಅವರು ಇಕ್ಕಳದಿಂದಲೇ ಬಟ್ಟೆ ಎತ್ತಿ ಗಾಯ ತೊಳೆಯಬೇಕು. ಒಮ್ಮೆ ನಮ್ಮಮ್ಮ ನೆರವಾಗಲೆಂದು ಬಟ್ಟೆಗೆ ಕೈ ಚಾಚಿದರು. ಸಾಬರು ಹೌಹಾರಿ ಎರಡೂ ಕೈ ಮೇಲೆತ್ತಿ, "ಮುಟ್ಟಬ್ಯಾಡ್ರಿ ತಾಯೀ, ನಾನು ಮಡೀಲಿ ಅದೀನಿ!" ಎಂದು ಕೂಗಿದರು. ಜನ್ಮವಿಡೀ ಆ ಮಾತನ್ನು ಬೇರೆಯವರಿಗೆ ಹೇಳಿಕೊಂಡೇ ಬಂದಿದ್ದ ಅಮ್ಮ ನಿಂತಲ್ಲೇ ನಿಂತರು. "ಇಷ್ಟು ಮಡಿ ನಮ್ಮ ಪುರೋಹಿತ್ರಿಗೂ ಇಲ್ಲಲ್ಲೋ" ಎಂದು ಆಮೇಲೆ ನನ್ನ ಕಿವಿಯಲ್ಲಿ ಹೇಳಿದರು. ಅಲ್ಲಿಯವರೆಗೆ ಹಿತ್ತಲಲ್ಲಿ ಕುದಿಯುತ್ತಿದ್ದ ಸಾಬರ ಬಟ್ಟೆಯ ಪಾತ್ರೆಗೆ ಮಾರನೆಯ ದಿನದಿಂದ ಒಳಗಿನ ಒಲೆಯ ಮೇಲೆಯೇ ಜಾಗ ಸಿಕ್ಕಿತು.

ಗಾಯ ತೊಳೆಯುವಾಗ ಅವರ ಬಾಯಿಗೆ ಬಿಡುವಿಲ್ಲ. ನ್ಯಾಮತಿಯಲ್ಲಿ ಹಲ್ಲು ಕೀಳಿಸಿಕೊಳ್ಳಲು ಬಂದವನೊಬ್ಬ ಕುರ್ಚಿಯ ಸಮೇತ ಓಡಿದ ಕಥೆ, ಸಾಸ್ವೆಹಳ್ಳಿಯ ಗೌಡರು ಹಚ್ಚುವ ಮದ್ದನ್ನು ರೊಟ್ಟಿಗೆ ಹಚ್ಚಿಕೊಂಡು ತಿಂದ ಕಥೆ. ನಕ್ಕರೆ ಹೊಟ್ಟೆ ನೋಯುತ್ತದೆಂದು ಗೋಗರೆದರೆ, "ನಗ್ರಿ, ಕೀವು ತಾನೇ ಹೊರಗೆ ಬರ್ತೈತೆ" ಎನ್ನುವರು. ಬಾಗಿಲ ಬಳಿ ನಿಂತ ಸೀತೆಯಂತೂ ಸೆರಗು ಬಾಯಿಗಿಟ್ಟು ನಗುವಳು. ಗಂಡ ಹೀಗೆ ಬಿದ್ದಿದ್ದರೆ ಇವಳಿಗೆ ಇಷ್ಟು ನಗುವೇ ಎಂದು ನನಗೆ ಒಳಗೊಳಗೇ ಮುನಿಸು. ಅಂತೂ ಜ್ವರ ಇಳಿಯಿತು, ಗಾಯ ಕೂಡಿತು.

ಮರುವರ್ಷ ಅವರಿಗೆ ಜಗಳೂರಿಗೆ ವರ್ಗವಾಯಿತು. ಕಳಿಸಿಕೊಡಲು ಹೋಗಿದ್ದೆ. ಪೆಟ್ರೋಲಿನ ಅಭಾವಕ್ಕೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು, ಅದರ ಒಲೆ ಹತ್ತುವ ತನಕ ಮಾತಾಡುತ್ತ ನಿಂತೆವು. "ಸಾಬ್ರೇ, ಆ ಮೂರು ವಾರದಲ್ಲಿ ನಕ್ಕಷ್ಟು ನಾನು ಯಾವತ್ತೂ ನಕ್ಕಿಲ್ಲ" ಎಂದೆ.

"ನಾನೇನು ನಗಿಸೋ ಪೈಕಿ ಅಲ್ಲ ಮೇಷ್ಟ್ರೇ, ನಮ್ಮನೇಲಿ ಕೇಳ್ರಿ ಬೇಕಾದ್ರೆ" ಎಂದರು. "ಅವತ್ತು ಹೊಲಿಗೆ ಬಿಚ್ಚಿದ್ಮ್ಯಾಲೆ ಡಾಕ್ಟ್ರು, ಇನ್ನು ಮೂರು ದಿನ ಅಂತ ಹೇಳಿ ಹೋದ್ರು. ಹೆದರ್ಕಂಡು ಅನ್ನ ನೀರು ಬಿಟ್ಟೋನ ಗಾಯ ಹೆಂಗೆ ಕೂಡ್ತೈತ್ರೀ? ಅದಕ್ಕೇ ಸೀತಮ್ಮಾರಿಗೆ ಹೇಳಿದ್ದೆ, ನಾನು ಏನಂದ್ರೂ ನೀವು ನಗ್ರಿ ಅಂತ."

ಬಸ್ಸು ಹೊರಟಿತು. ಅವರನ್ನು ಕಂಡದ್ದು ಅದೇ ಕೊನೆ. ಎರಡು ವರ್ಷದ ಮೇಲೆ, ಅವರು ಜಗಳೂರಿನಲ್ಲಿಯೇ ತೀರಿಕೊಂಡರೆಂದು ಯಾರೋ ಹೇಳಿದರು. ಮಣ್ಣಿಗೂ ಹೋಗಲಾಗಲಿಲ್ಲವೆಂಬ ಸಂಕಟ ನನಗೆ ಇಂದಿಗೂ ಇದೆ.

ಆ ದಿನ ಬಸ್ಸು ಹೋದಮೇಲೆ ನೆಟ್ಟಗೆ ಮನೆಗೆ ಬಂದೆ. ಸೀತೆ ಮಗಳಿಗೆ ಅನ್ನ ಕಲಸುತ್ತಿದ್ದಳು.

"ಮೂರು ದಿನ ಅಂದಿದ್ದು ನಿನಗೆ ಗೊತ್ತಿತ್ತಾ?"

ಅವಳ ಕೈ ತಟ್ಟೆಯಲ್ಲೇ ನಿಂತಿತು.

"ಬಟ್ಟೆ ಕುದಿಸ್ತಾ ಒಲೆ ಮುಂದೆ ಅಳ್ತಿದ್ದೆ" ಎಂದಳು. "ಅವ್ರು ಕೂಗಿದ್ರೆ ಮುಖ ತೊಳಕಂಡು ನಗಾಕೆ ಬರ್ತಿದ್ದೆ."