ಕೈ ಮುಟ್ಟಿ ನೋಡಿದ್ದೇನೆ

ಡಾಕ್ಟರಬಾಯಿ ರೋಗಿಯ ಮಾತು ಕೇಳುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅರೆಗಣ್ಣಲ್ಲ, ಪೂರ್ತಿ. ನಮ್ಮ ಬೆರಳುಗಳನ್ನು ತಮ್ಮ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು ಹಾಗೇ ಕೂತಿರುತ್ತಿದ್ದರು. ಬೈಲಹೊಂಗಲದ ಆ ದವಾಖಾನೆಯ ಹಿಂದೆಯೇ ಅರಳೆ ಮಿಲ್ಲು. ಹತ್ತಿಯ ಸುಗ್ಗಿಯಲ್ಲಿ ಕಿಟಕಿಯಿಂದ ಅರಳೆಯ ಎಳೆಗಳು ತೇಲಿ ಬರುತ್ತಿದ್ದವು. ಒಂದು ಎಳೆ ಅವರ ನರೆತ ಹುಬ್ಬಿನ ಮೇಲೆ ಕೂತರೂ ತೆಗೆಯುತ್ತಿರಲಿಲ್ಲ. ಮಂದಿ ಅವರಿಗೆ ನಿದ್ದಿ ಡಾಕ್ಟರಬಾಯಿ ಎಂದು ಹೆಸರಿಟ್ಟಿದ್ದರು.

ಮೊದಲ ಸಲ ಹೋದಾಗ ನನಗೂ ಸಿಟ್ಟು ಬಂದಿತ್ತು. ಕಿತ್ತೂರಿನಿಂದ ಬಸ್ಸಿನಲ್ಲಿ ನಿಂತುಕೊಂಡು ಬಂದು, ಪಾಳಿ ಹಚ್ಚಿ, ಒಳಗೆ ಹೋಗಿ ನನ್ನ ಗೋಳು ಹೇಳತೊಡಗಿದರೆ ಈಕೆ ನಿದ್ದೆ ಮಾಡುವುದೇ? ನಾನು ಖಾನಾವಳಿ ನಡೆಸುವವಳು. ಊಟಕ್ಕೆ ಕೂತು ತೂಕಡಿಸುವವರನ್ನು ತಾಟು ಬಡಿದು ಎಬ್ಬಿಸಿ ರೂಢಿ. ಮಾತು ನಿಲ್ಲಿಸಿ ಬಿಗುಮಾನದಿಂದ ಕೂತೆ. ಕಣ್ಣು ತೆರೆಯದೆಯೇ ಅವರು ಕೇಳಿದರು:

“ಯಾಕ ನಿಂತ್ರಿ? ಹೇಳ್ರಿ, ಕೇಳಾಕ ಹತ್ತೇನಿ. ಕಣ್ಣ ತೆರದ್ರ ನಿಮ್ಮ ಸೀರಿ ಕಾಣತೈತಿ, ಬಳಿ ಕಾಣತಾವು. ನೋವು ಕಾಣಂಗಿಲ್ರಿ.”

ಆಮೇಲೆ ಏನು ಕೆಲಸ ಮಾಡುತ್ತೀರಿ ಎಂದರು. ರೊಟ್ಟಿ ಬಡಿಯುತ್ತೇನೆ ಎಂದೆ. ಹಾಗಾದರೆ ಬಡಿದು ತೋರಿಸಿ ಎಂದು ಮೇಜಿನ ಮೇಲಿದ್ದ ಕಾಗದಗಳನ್ನು ಬದಿಗೆ ಸರಿಸಿದರು. ಹಿಟ್ಟಿಲ್ಲ, ಹಿಟ್ಟು ನಾದುವ ಕೊಣಮಿಗೆ ಇಲ್ಲ. ಬರಿಯ ಮೇಜಿನ ಮೇಲೆ ರೊಟ್ಟಿ ಬಡಿಯುವ ಹುಚ್ಚಿಯ ಹಾಗೆ ಬಡಿದೆ. ಹೊರಗೆ ಕೂತವರು ಬಾಗಿಲಿನಿಂದ ಇಣುಕಿ ನೋಡಿದರು. ಡಾಕ್ಟರಬಾಯಿ ಕಿವಿ ಸ್ವಲ್ಪ ಈ ಕಡೆ ತಿರುಗಿಸಿ ಕೇಳಿದರು. ಬಲಗೈ ಬಡಿಯುತ್ತಿಲ್ಲ, ಬರೇ ಸವರುತ್ತಿದೆ ಎಂದರು. ಅದು ಖರೆ. ಆರು ತಿಂಗಳಿಂದ ನಾನು ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದ ಸಂಗತಿ ಅದೇ ಆಗಿತ್ತು. ಕೆಲಸಕ್ಕೆ ಬರುವ ಹೆಣ್ಣುಮಕ್ಕಳ ಕಡೆಯಿಂದ ರೊಟ್ಟಿ ಮಾಡಿಸಿ ಮಂದಿಗೆ ಬಡಿಸುತ್ತಿದ್ದೆ. ಬೇರೆಯವರ ಕೈರೊಟ್ಟಿಗೆ ನನ್ನ ಹೆಸರು ಹೇಳುವುದು ನನ್ನ ಜೀವಕ್ಕೆ ಒಗ್ಗುತ್ತಿರಲಿಲ್ಲ. ಅಲ್ಲಿಯೇ ಅತ್ತುಬಿಟ್ಟೆ.

ಸಂದುವಾತ. ಮೊದಲು ಗುಳಿಗೆ ಕೊಟ್ಟರು. ಎರಡನೆಯ ತಿಂಗಳಿಗೇ ರಕ್ತ ತಪಾಸಣೆಯಲ್ಲಿ ಅದು ನನ್ನ ಲಿವರಿಗೆ ಆಗಿಬರುತ್ತಿಲ್ಲ ಎಂದು ಗೊತ್ತಾಗಿ ಬಿಡಿಸಿದರು. ಉಳಿದದ್ದು ಸಲೈನಿನಲ್ಲಿ ಹಾಕುವ ತುಟ್ಟಿ ಔಷಧ. ಮಹಿಳಾ ಸಂಘದಿಂದ ಮಾಡಿಸಿದ ಆರೋಗ್ಯ ವಿಮೆ ನನಗಿತ್ತು. ಆದರೆ ಆ ಔಷಧ ಹಾಕುವ ಮೊದಲು ವಿಮಾ ಕಂಪನಿ ಹ್ಞೂಂ ಅನ್ನಬೇಕು. ಕಂಪನಿಯವರ ಕಡೆಯಿಂದ ಹ್ಞೂಂ ಅನ್ನಿಸುವುದೆಂದರೆ ಒಲ್ಲದ ಬೀಗರನ್ನು ಊಟಕ್ಕೆ ಎಬ್ಬಿಸಿದ ಹಾಗೆ.

ಮೊದಮೊದಲು ಮಧ್ಯಾಹ್ನವಿಡೀ ಡಾಕ್ಟರಬಾಯಿಯದು ಅದೇ ಕೆಲಸ. ಕಂಪನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿ ಕೂಡುತ್ತಿದ್ದರು. ಆ ಕಡೆಯಿಂದ ಕಾಯಿರಿ ಎಂದು ಹೇಳಿ ಒಂದು ಧಾಟಿ ಹಚ್ಚುತ್ತಿದ್ದರು. ಫ್ಯಾನಿನ ಸಪ್ಪಳ, ಮಿಲ್ಲಿನ ಸಪ್ಪಳ, ಅದರ ಮೇಲೆ ಆ ಧಾಟಿ. ಬಾಕಿನ ಮೇಲೆ ಸವದತ್ತಿಯವರು, ಸಂಪಗಾಂವದವರು, ರಾಮದುರ್ಗದ ನೇಕಾರರು, ನಾವೆಲ್ಲ ಒಬ್ಬರ ಭುಜಕ್ಕೊಬ್ಬರು ಒರಗಿ ಮಂಪರಿನಲ್ಲಿ ಇರುತ್ತಿದ್ದೆವು. ಆಗ ಡಾಕ್ಟರಬಾಯಿಯೂ ಖರೇನೇ ನಿದ್ದೆ ಹೋಗುತ್ತಿದ್ದರು. ಅದನ್ನವರು ಒಪ್ಪಿಕೊಂಡೂ ಇದ್ದರು. ಮನೆಗೆ ಬಂದು ಹಿಟ್ಟು ನಾದುವಾಗ ನಾನು ಅದೇ ಧಾಟಿ ಗುನುಗುತ್ತಿದ್ದೆ. ಎಲ್ಲಿಯ ಹಾಡು ಎಂದು ಊಟದವರು ಕೇಳಿದರೆ ವಿಮಾ ಕಂಪನಿಯ ಭಜನೆ ಎನ್ನುತ್ತಿದ್ದೆ.

ಒಂದು ದಿನ ಹೋದಾಗ ಆ ಧಾಟಿ ಇಲ್ಲ. ಮೇಜಿನ ಮೇಲೊಂದು ಹೊಸ ಕಂಪ್ಯೂಟರ್. ಕೃತಕ ಬುದ್ಧಿಮತ್ತೆಯಂತೆ. ರೋಗಿಯೂ ಡಾಕ್ಟರೂ ಆಡುವ ಮಾತು ಕೇಳಿಸಿಕೊಂಡು, ಹಳೆಯ ರಿಪೋರ್ಟುಗಳನ್ನೆಲ್ಲ ನೋಡಿ, ಯಾವ ಕಂಪನಿಗೆ ಏನು ಬೇಕೋ ಹಾಗೆ ಇಂಗ್ಲಿಷಿನಲ್ಲಿ ಪತ್ರ ತಯಾರು ಮಾಡುತ್ತದೆ. ಡಾಕ್ಟರಬಾಯಿ ಅದಕ್ಕೆ ಕಾರಕೂನ ಎಂದು ಹೆಸರಿಟ್ಟರು. ಚಹಾ ಕೇಳುವುದಿಲ್ಲ, ರಜೆ ಕೇಳುವುದಿಲ್ಲ, ಆದರೆ ಒಮ್ಮೊಮ್ಮೆ ಭಾಳ ಶಾಣ್ಯಾ ಆಗುತ್ತದೆ ಎಂದು ಅದರ ಬಗ್ಗೆ ಹೇಳುತ್ತಿದ್ದರು.

ಅವರದೊಂದು ಪದ್ಧತಿ ಇತ್ತು. ಸಹಿ ಮಾಡುವ ಮೊದಲು ಪತ್ರವನ್ನು ಕಾರಕೂನನಿಂದ ಕನ್ನಡದಲ್ಲಿ ಓದಿಸಿ ರೋಗಿಗೆ ಕೇಳಿಸುವುದು. ನಿಮ್ಮ ಬಗ್ಗೆ ಏನು ಬರೆದಿದೆ ಎಂದು ನಿಮಗೆ ಗೊತ್ತಿರಬೇಕು ಎನ್ನುತ್ತಿದ್ದರು. ಅದರ ಕನ್ನಡವೋ, ರೇಡಿಯೋ ವಾರ್ತೆಯ ಕನ್ನಡ. ‘ಮಾನ್ಯರೇ’ ಎಂದು ಶುರುವಾದ ಕೂಡಲೇ ಮುದುಕರೆಲ್ಲ ನೆಟ್ಟಗೆ ಕೂಡುತ್ತಿದ್ದರು. ಪ್ರತಿ ಪತ್ರದ ಕೊನೆಗೆ ಡಾಕ್ಟರಬಾಯಿ ತಮ್ಮದೇ ಒಂದು ಸಾಲು ಸೇರಿಸುತ್ತಿದ್ದರು: ಈ ರೋಗಿಯ ಕೈಗಳನ್ನು ನಾನೇ ಮುಟ್ಟಿ ನೋಡಿದ್ದೇನೆ. ಕಂಪನಿಗೆ ಅದರ ಅಗತ್ಯವಿರಲಿಲ್ಲ. ಅವರಿಗಿತ್ತು.

ನನ್ನ ಪತ್ರ ಓದಿಸಿದ ದಿನ ಎಲ್ಲ ಸರಿಯಾಗಿಯೇ ಹೋಗುತ್ತಿತ್ತು. ನಡುವೆ ಒಂದು ಸಾಲು ಬಂತು. ಈಕೆ ಆರು ತಿಂಗಳು ಗುಳಿಗೆ ಸೇವಿಸಿಯೂ ಗುಣ ಕಂಡಿಲ್ಲ, ಎಂದು. ಡಾಕ್ಟರಬಾಯಿ ಕಣ್ಣು ತೆರೆದರು. ಆರು ತಿಂಗಳು ಎಲ್ಲಿ ತೆಗೆದುಕೊಂಡಿದ್ದೆ ನಾನು? ಹಾಗೆ ಬರೆದ ಪತ್ರಗಳಿಗೇ ಕಂಪನಿಗಳು ಬೇಗ ಒಪ್ಪುತ್ತವೆ, ಅದಕ್ಕೇ ಕಾರಕೂನ ತಾನೇ ಸೇರಿಸಿದ್ದ. ನಾನು ಇರಲಿ ಬಿಡಿರಿ ಎಂದೆ. ಯಾರು ನೋಡಲು ಬರುತ್ತಾರೆ ಎಂದೆ.

“ಕಂಪನಿ ನೋಡಂಗಿಲ್ಲ, ಖರೆ,” ಎಂದರು. “ಆದ್ರ ನಾಳೆ ನಾ ಇರಂಗಿಲ್ಲ. ಇನ್ನೊಬ್ಬ ಡಾಕ್ಟರ್ ಇದನ್ನ ಓದತಾನ. ಆರು ತಿಂಗಳ ತಡಕೊಂಡಾಳ ಅಂತ ಮತ್ತ ಅದ ಗುಳಗಿ ಕೊಡತಾನ. ಆಗ ನಿಮ್ಮ ಲಿವರ್ ನೋಡತೈತ್ರಿ, ಅಕ್ಕಾ.”

ಆ ಸಾಲು ತೆಗೆಸಿ ಇದ್ದದ್ದನ್ನು ಇದ್ದ ಹಾಗೆ ಬರೆಸಿದರು. ಕಂಪನಿ ಆಗುವುದಿಲ್ಲ ಎಂದಿತು. ಆ ದಿನ ನನ್ನ ಬಲಗೈ ಬಳೆ ತೊಡಿಸಲೂ ಬಾರದಷ್ಟು ಬಾತಿತ್ತು. ದವಾಖಾನೆಗೆ ಹೋಗಿ ಎಲ್ಲರ ಮುಂದೆ ಹಾರಾಡಿದೆ. “ನಿಮ್ಮ ಖರೇತನಕ್ಕ ನನ್ನ ಕೈ ಹೋಗಬೇಕೇನ್ರಿ?” ಎಂದು ಕೇಳಿಯೇಬಿಟ್ಟೆ. ಅವರು ಸಿಟ್ಟಾಗಲಿಲ್ಲ. ನನ್ನನ್ನು ಕೂಡಿಸಿ ಅದೇ ಕೈ ಹಿಡಿದುಕೊಂಡು, ಕಣ್ಣು ಮುಚ್ಚಿ, ಕಾರಕೂನನಿಗೆ ಒಂದು ಪ್ರಶ್ನೆ ಹಾಕಿದರು: ಗುಳಿಗೆ ಆಗಿಬರದವರ ಬಗ್ಗೆ ಈ ಕಂಪನಿಯ ನಿಯಮದಲ್ಲಿ ಏನಿದೆ? ಕಂಪನಿಯ ನಿಯಮದ ಪುಸ್ತಕ ನಮ್ಮ ತಾಲೂಕಿನ ಪಹಣಿ ಕಟ್ಟಿನಷ್ಟು ದಪ್ಪ. ಮನುಷ್ಯರು ಓದಿ ಮುಗಿಸುವುದಲ್ಲ. ನಾನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅದು ಸಾಲು ಹುಡುಕಿ ಕೊಟ್ಟಿತು. ಲಿವರಿಗೆ ತೊಂದರೆಯಾದವರು ಆರು ತಿಂಗಳು ಕಾಯಬೇಕಾಗಿಲ್ಲವೆಂದು ಕಂಪನಿಯವರೇ ಬರೆದಿಟ್ಟಿದ್ದರು. ಅದನ್ನೂ ನನ್ನ ರಕ್ತದ ರಿಪೋರ್ಟನ್ನೂ ಹಚ್ಚಿ ಮತ್ತೆ ಕಳಿಸಿದರು. ಮರುವಾರ ಕಂಪನಿ ಹ್ಞೂಂ ಎಂದಿತು.

ಔಷಧ ಹಾಕುವ ದಿನ ಅರ್ಧ ದಿನ ಮಲಗಿರಬೇಕು. ಆ ಮಧ್ಯಾಹ್ನಗಳು ಈಗಲೂ ನನ್ನ ಕಣ್ಣೊಳಗಿವೆ. ಹನಿ ಇಳಿಯುತ್ತಿರುತ್ತದೆ, ಬಿಸಿಲಿನ ಕೋಲಿನಲ್ಲಿ ಅರಳೆ ಏರುತ್ತ ಇಳಿಯುತ್ತ ಇರುತ್ತದೆ, ನಾನು ಎಚ್ಚರವೋ ಕನಸೋ ತಿಳಿಯದೆ ಬಿದ್ದಿರುತ್ತೇನೆ. ಫೋನು ಹಿಡಿದು ಕೂಡುವ ಕೆಲಸ ತಪ್ಪಿದ್ದರಿಂದ ಡಾಕ್ಟರಬಾಯಿ ಆ ಹೊತ್ತಿನಲ್ಲಿ ಒಂದು ಕುರ್ಚಿ ಎಳೆದುಕೊಂಡು ನಮ್ಮ ಮಂಚಗಳ ನಡುವೆ ಬಂದು ಕೂಡುತ್ತಿದ್ದರು. ರೋಗದ ಮಾತಿಲ್ಲ. ಯಾರ ಮನೆಯ ಎಮ್ಮೆ ಕರು ಹಾಕಿತು, ಪುಂಡಿಪಲ್ಲೆಗೆ ಎಷ್ಟು ಬೆಳ್ಳುಳ್ಳಿ, ಇಂಥವೇ. ನಾಲ್ಕನೆಯ ಸಲ ಹೋಗುವಾಗ ನಾನು ಡಬ್ಬಿಯಲ್ಲಿ ಜೋಳದ ಹಿಟ್ಟು ಒಯ್ದು ಅವರ ಮೇಜಿನ ಮೇಲೆಯೇ ರೊಟ್ಟಿ ಬಡಿದೆ. ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು. “ಈಗ ಎರಡೂ ಕೈ ಮಾತಾಡಾಕ ಹತ್ಯಾವು,” ಎಂದರು. ಬೇಯಿಸಲು ಒಲೆ ಇರಲಿಲ್ಲವೆಂದು ಇಬ್ಬರೂ ನಕ್ಕೆವು.

ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರು. ಕುರ್ಚಿಯಲ್ಲಿಯೇ, ರಾಮದುರ್ಗದ ಮುದುಕ ನೇಕಾರನೊಬ್ಬನ ಕೈ ಹಿಡಿದುಕೊಂಡು. ಅವನು ತನ್ನ ಮೊಣಕಾಲಿನ ಕಥೆ, ಆಮೇಲೆ ಸೊಸೆಯ ಕಥೆ ಹೇಳುತ್ತಲೇ ಇದ್ದನಂತೆ. ಅವರು ಯಾವಾಗಲೂ ಹಾಗೇ ಕೂಡುವವರಲ್ಲವೇ, ಅವನಿಗೆ ಹೇಗೆ ತಿಳಿಯಬೇಕು? ಪೂರಾ ಕೇಳಿಸಿಕೊಂಡೇ ಹೋದರು ಎಂದು ಈಗಲೂ ಬಾಕಿನ ಮೇಲೆ ಕೂತು ಹೇಳುತ್ತಾನೆ. ಯಾರೂ ಅವನ ಮಾತು ತೆಗೆದುಹಾಕುವುದಿಲ್ಲ.

ಈಗ ಅಲ್ಲಿ ಒಬ್ಬ ಹರೆಯದ ಡಾಕ್ಟರು ಇದ್ದಾರೆ. ಒಳ್ಳೆಯವರು, ಚುರುಕು. ನನ್ನ ಔಷಧಕ್ಕೆ ವರ್ಷಕ್ಕೊಮ್ಮೆ ಕಂಪನಿಯ ಒಪ್ಪಿಗೆ ಮತ್ತೆ ಪಡೆಯಬೇಕು. ಮೊನ್ನೆ ಹೋದಾಗ ಅವರು ನನ್ನ ರಿಪೋರ್ಟು ನೋಡಿದರು, ಎರಡು ಪ್ರಶ್ನೆ ಕೇಳಿದರು, ಕಾರಕೂನ ಅಷ್ಟರಲ್ಲೇ ಪತ್ರ ತಯಾರು ಮಾಡಿದ. ಹೊರಗೆ ಪಾಳಿ ಬಹಳವಿತ್ತು. ಪತ್ರ ಅಚ್ಚಾಗಿ ಬಂತು, ಅವರು ಪೆನ್ನು ತೆಗೆದರು. ಹಳೆಯ ಪದ್ಧತಿಯಂತೆ ಕಾರಕೂನ ಓದತೊಡಗಿದ: ಮಾನ್ಯರೇ. ಗುಳಿಗೆ ಲಿವರಿಗೆ ಆಗಿಬರಲಿಲ್ಲ ಎಂಬುದು ಬಂತು. ಕೊನೆಗೆ ಅದೇ ವಾರ್ತೆಯ ದನಿಯಲ್ಲಿ ಒಂದು ಸಾಲು ಬಂತು. ಡಾಕ್ಟರಬಾಯಿ ಬರೆದ ಪತ್ರಗಳನ್ನೆಲ್ಲ ನೋಡಿ ನೋಡಿ ಅದು ಕಲಿತಿತ್ತು, ಯಾರೂ ಅಳಿಸಿರಲಿಲ್ಲ.

‘ಈ ರೋಗಿಯ ಕೈಗಳನ್ನು ನಾನೇ ಮುಟ್ಟಿ ನೋಡಿದ್ದೇನೆ.’

ಡಾಕ್ಟರ ಪೆನ್ನು ನಿಂತಿತು. ಪತ್ರದ ಕಡೆ ನೋಡಿದರು, ನನ್ನ ಕಡೆ ನೋಡಿದರು. ಪೆನ್ನು ಕೆಳಗಿಟ್ಟು ಕುರ್ಚಿ ಹತ್ತಿರ ಎಳೆದುಕೊಂಡರು.

“ಅಕ್ಕಾರ, ಕೈ ಕೊಡ್ರಿ,” ಎಂದರು.

ಕೊಟ್ಟೆ. ಒಂದೊಂದೇ ಬೆರಳು ಒತ್ತಿ, ಮಡಚಿ, ನಿಧಾನವಾಗಿ ನೋಡಿದರು. ಅವರ ಕೈ ತಣ್ಣಗಿತ್ತು. ಅವರು ಕಣ್ಣು ತೆರೆದೇ ಇದ್ದರು. ಮುಚ್ಚಿದವಳು ನಾನು.