ಲಾಲಬಿ ಸುತ್ತಿದ ಕ್ರಿಸ್ಮಸ್ ರೈಲು

ಇಳಕಲ್ಲಿನ ಈ ಓಣಿಯಲ್ಲಿ ಮಗ್ಗಗಳಿಗಿಂತ ಮೊದಲು ಏಳುವವರು ಲಾಲಬಿ. ಡಿಸೆಂಬರಿನ ಬೆಳಗಿನ ಐದೂವರೆ ಗಂಟೆ. ಮನೆಯ ಮುಂದಿನ ಖೋಲಿಯೇ ಅವರ ಅಂಗಡಿ. ಮೇಜಿನ ಕೆಳಗೆ ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳು ಎರಡು, ಗೋಡೆಗೆ ಒರಗಿದ ಫ್ಯಾನುಗಳು ಮೂರು, ಹೊಟ್ಟೆ ಬಿಚ್ಚಿಸಿಕೊಂಡು ಮಲಗಿದ ಮಿಕ್ಸಿ ಒಂದು. ಅವೆಲ್ಲ ಇವತ್ತು ಸುಮ್ಮನೆ ಕಾಯಬೇಕು. ಯಾಕೆಂದರೆ ಮೇಜಿನ ದೀಪದ ಕೆಳಗೆ, ಇಳಕಲ್ ಸೀರೆಯ ತುಂಡೊಂದರ ಮೇಲೆ, ಗೇಣುದ್ದದ ಆಟಿಕೆಯ ರೈಲ್ವೆ ಎಂಜಿನ್ನು ದೊಡ್ಡ ಬೀಗರ ಹಾಗೆ ಕುಳಿತುಬಿಟ್ಟಿದೆ.

ಲಾಲಬಿ ಚಾಳೀಸಿನ ಕನ್ನಡಕ ಏರಿಸಿಕೊಂಡು ಎಂಜಿನ್ನಿನ ಹೊಟ್ಟೆಯಿಂದ ಬಾರೆಹಣ್ಣಿನ ಗಾತ್ರದ ಗುಂಡೊಂದನ್ನು ಹೊರತೆಗೆಯುತ್ತಾರೆ. ಅದು ಮೋಟಾರಿನ ತಿರುಗುವ ಭಾಗ, ಆರ್ಮೇಚರ್. ಅದಕ್ಕೆ ಮೂರು ಹಲ್ಲು. ಒಂದೊಂದು ಹಲ್ಲಿಗೂ ನೂರಾ ಇಪ್ಪತ್ತು ಸುತ್ತು ತಾಮ್ರದ ತಂತಿ ಬೀಳಬೇಕು, ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ತುಟಿಯಲ್ಲೇ ಎಣಿಸುತ್ತಾರೆ. ಎಣಿಕೆ ಉರ್ದುವಿನಲ್ಲಿ, ತಂತಿ ಹರಿದಾಗಿನ ಬೈಗುಳ ಅಚ್ಚ ಕನ್ನಡದಲ್ಲಿ.

“ಫ್ಯಾನ್ ಹಚ್ಚಂಗಿಲ್ಲ, ಮಾತಾಡಂಗಿಲ್ಲ, ಸೀನಂಗಿಲ್ರಿ. ಈ ತಂತಿ ಕೂದಲಕ್ಕಿಂತ ಸಣ್ಣದು. ಏಳು ಗಂಟೆಕ್ಕ ಮಗ್ಗ ಶುರು ಆದ್ವು ಅಂದ್ರ ಮೇಜೇ ನಡಗತೈತಿ. ಅಷ್ಟರಾಗ ಒಂದು ಹಲ್ಲರ ಮುಗೀಬೇಕು,” ಎನ್ನುತ್ತಾರೆ. ಈ ಮಾತಿಗೆಂದು ಉಸಿರು ಬಿಟ್ಟದ್ದೇ ತಪ್ಪಾಯಿತು. ಎಪ್ಪತ್ತಾರನೆಯ ಸುತ್ತಿನಲ್ಲಿ ತಂತಿ ಹರಿಯುತ್ತದೆ. ಮತ್ತೆ ಒಂದರಿಂದ.

ಲಾಲಬಿಗೆ ಈಗ ಐವತ್ತೆರಡು. ಹುಟ್ಟಿದ್ದು ಇದೇ ಇಳಕಲ್ಲಿನ ನೇಕಾರರ ಓಣಿಯಲ್ಲಿ. ಏಳನೆಯ ವಯಸ್ಸಿಗೇ ಮಗ್ಗದ ಲಾಳಿಯೊಳಗಿನ ಕಡ್ಡಿಗೆ ನೂಲು ಸುತ್ತಲು, ಅಂದರೆ ಕಂಡಕಿ ಸುತ್ತಲು, ಕೂತವರು. ಮದುವೆಯಾದದ್ದು ಮೋಟಾರ್ ವೈಂಡಿಂಗ್ ಅಂಗಡಿಯ ಮಲೀಕಸಾಬರನ್ನು. ಮಲೀಕಸಾಬರಿಗೆ ಮುನ್ನೂರು ಅಡಿ ಆಳದ ಬೋರಿನಿಂದ ಮೋಟಾರು ಎತ್ತುವುದೆಂದರೆ ಹಬ್ಬ, ಕೂತು ತಂತಿ ಸುತ್ತುವುದೆಂದರೆ ಜ್ವರ. ಒಂದು ಬೇಸಿಗೆಯಲ್ಲಿ ಸುಟ್ಟ ಮೋಟಾರುಗಳು ಬಾಗಿಲು ತೆರೆಯಲೂ ಜಾಗವಿಲ್ಲದಷ್ಟು ಬಿದ್ದುಕೊಂಡಾಗ, ಹೆಂಡತಿ ಅಡುಗೆಮನೆಯಿಂದ ಎದ್ದುಬಂದು ಗಂಡನ ಪಕ್ಕ ಕೂತರು.

“ಹದಿನೈದು ದಿನ ಬರೇ ನೋಡಿದೆ. ಆಮ್ಯಾಲ, ಇದೇನ್ರಿ, ಇದೂ ಕಂಡಕಿನೇ ಅಲ್ಲೇನು ಅಂದೆ. ಅಲ್ಲಿ ರೇಷ್ಮಿ, ಇಲ್ಲಿ ತಾಮ್ರ. ಅಷ್ಟೇ ಫರಕ,” ಎಂದು ನಗುತ್ತಾರೆ ಲಾಲಬಿ.

ಊರು ಅಷ್ಟು ಸುಲಭಕ್ಕೆ ನಗಲಿಲ್ಲ. ಹೆಂಗಸು ಸುತ್ತಿದ ಮೋಟಾರು ಎಂದು ಗೊತ್ತಾದದ್ದೇ ತಡ, ಹುನಗುಂದದ ಕಡೆಯ ರೈತರೊಬ್ಬರು ಮೋಟಾರನ್ನು ಹಾಗೇ ಟ್ರ್ಯಾಕ್ಟರಿಗೆ ಹಾಕಿಕೊಂಡು ಬೇರೆ ಅಂಗಡಿಗೆ ಹೋದರು. ಮರುವರ್ಷ ಅದೇ ಟ್ರ್ಯಾಕ್ಟರು ಇದೇ ಬಾಗಿಲಿಗೆ ಬಂತು. ಯಜಮಾನರು ಮೋಟಾರು ಇಳಿಸಿ, ಚಹಾ ಕುಡಿದು ಹೋದರು. ಈಗ ಮಾರ್ಚ್ ಬಂದರೆ ದಿನಕ್ಕೆ ಐದಾರು ಮೋಟಾರುಗಳು ಬರುತ್ತವೆ. ದೊಡ್ಡದಕ್ಕೆ ಒಂದೂವರೆ ದಿನ ಬೇಕು, ಫ್ಯಾನಿಗೆ ಎರಡು ತಾಸು, ಮಿಕ್ಸಿಗೆ ಒಂದು. ತಾಮ್ರ ಕೊಯ್ದ ಗೆರೆಗಳಿಂದ ಬೆರಳುಗಳು ಒರಟಾಗಿವೆ. ವಾರ್ನಿಶ್ ವಾಸನೆ ಅವರ ಸೆರಗಿನಿಂದ ಹಬ್ಬದ ದಿನವೂ ಹೋಗುವುದಿಲ್ಲ.

ಕೆಲಸ ಮುಗಿದ ಪ್ರತಿ ಮೋಟಾರಿನ ಮೇಲೂ ಲಾಲಬಿ ಕೆಂಪು ಬಣ್ಣದಲ್ಲಿ ಒಂದು ಬಾಣ ಬರೆಯುತ್ತಾರೆ. ಮೋಟಾರು ಯಾವ ಕಡೆ ತಿರುಗಬೇಕು ಎನ್ನುವ ಗುರುತು ಅದು. ಉಲ್ಟಾ ತಿರುಗಿದರೆ ನೀರು ಮೇಲೆ ಬರುವುದಿಲ್ಲ. ಬಾಣ ಬಿತ್ತೆಂದರೆ ಆ ಮೋಟಾರಿನ ಜವಾಬ್ದಾರಿ ಅವರದು. ರೈತರು ಅಂಗಡಿಯ ಹೆಸರು ಹೇಳುವುದಿಲ್ಲ, ‘ಲಾಲಬಿ ಬಾಣದ್ದು’ ಎನ್ನುತ್ತಾರೆ. ಮೂವತ್ತು ವರ್ಷದಲ್ಲಿ ಬಾಣವಿಲ್ಲದೆ ಈ ಬಾಗಿಲು ದಾಟಿದ ಮೋಟಾರು ಒಂದೇ ಒಂದು. ಅದು ಇವತ್ತು ಮೇಜಿನ ಮೇಲಿರುವ ಈ ಎಂಜಿನ್ನಿನದು.

ಎಂಜಿನ್ನಿನ ಒಡೆಯರು ಬಾಗಲಕೋಟೆ ನವನಗರದ ಯೋಹಾನಪ್ಪ, ನಿವೃತ್ತ ರೈಲ್ವೆ ಗಾರ್ಡ್. ಈಗ ಆ ಹುದ್ದೆಗೆ ಟ್ರೇನ್ ಮ್ಯಾನೇಜರ್ ಎನ್ನುತ್ತಾರೆ. ಯೋಹಾನಪ್ಪನವರನ್ನು ಹಾಗೆ ಕರೆದರೆ ಅವರು ತಿರುಗಿಯೂ ನೋಡುವುದಿಲ್ಲ. ಅವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮುಂಬೈನ ಹಳೇ ಸಾಮಾನಿನ ಬಜಾರಿನಿಂದ ಆಟಿಕೆಯ ರೈಲಿನ ಸೆಟ್ಟೊಂದನ್ನು ತಂದರು: ಒಂದು ಎಂಜಿನ್ನು, ನಾಲ್ಕು ಡಬ್ಬಿ, ಕೊನೆಗೊಂದು ಗಾರ್ಡಿನ ಡಬ್ಬಿ. ಎರಡು ಹಳಿಗಳ ನಡುವೆ ಕರೆಂಟು ಹರಿಯುವ ಮೂರನೆಯ ಹಳಿ ಇರುವ ಹಳೇ ನಮೂನೆ ಅದು. ಅಂದಿನಿಂದ ಆ ಮನೆಯಲ್ಲಿ ಡಿಸೆಂಬರ್ ಬಂದರೆ ಪಡಸಾಲೆಯಲ್ಲಿ ಪ್ಲೈವುಡ್ ಹಾಸಿ, ಯೇಸು ಹುಟ್ಟಿದ ಗೋದಲಿ ಕಟ್ಟಿ, ಅಲ್ಲಿಯವರೆಗೆ ರೈಲು ಓಡಿಸುತ್ತಾರೆ. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲರಿಗೂ ಒಂದೊಂದು ಕೆಲಸ. ಓಣಿಯ ಜನರಿಗೆ ನೋಡುವ ಕೆಲಸ.

ಆರು ವರ್ಷದ ಹಿಂದೆ ಎಂಜಿನ್ನು ಸುಟ್ಟಿತು. ದೊಡ್ಡ ಊರುಗಳ ಅಂಗಡಿಯವರು ನೋಡಿ, ಹೊಸದು ತಗೊಳ್ಳಿ ಎಂದರು. ಆಗ ಗಾರ್ಡ್ ಸಾಹೇಬರ ಮನೆಗೆ ಹಬ್ಬದ ಸೀರೆ ತೋರಿಸಲು ಬಂದವರು ಇಳಕಲ್ಲಿನ ಸೀರೆ ವ್ಯಾಪಾರಿ ರಾಚಪ್ಪ. ಮನೆಯೊಡತಿ ಸತ್ಯವ್ವ ಸೀರೆಯತ್ತ ಕಣ್ಣೆತ್ತದೆ ಕೂತಿದ್ದು ನೋಡಿ ಅವರಿಗೆ ಗಾಬರಿಯಾಯಿತು. ವಿಷಯ ತಿಳಿದದ್ದೇ, “ನಮ್ಮ ಲಾಲಬಿ ಅಕ್ಕ ಸುತ್ತತಾಳ ಕೊಡ್ರಿ,” ಎಂದು ಎಂಜಿನ್ನನ್ನು ಸೀರೆಯ ಗಂಟಿನಲ್ಲೇ ಕಟ್ಟಿಕೊಂಡು ಬಂದರು.

ಅಷ್ಟು ಸಣ್ಣ ಮೋಟಾರನ್ನು ಲಾಲಬಿ ಅದುವರೆಗೆ ಮುಟ್ಟಿರಲಿಲ್ಲ. ತಂತಿ ಸುತ್ತುವ ಮಷೀನಿಗೆ ಹಾಕುವಂತಿರಲಿಲ್ಲ, ಕೈಯಲ್ಲೇ ಸುತ್ತಬೇಕು. ಕೈಯಲ್ಲಿ ಸುತ್ತಲು ಕೂತ ಕೂಡಲೇ ಏಳು ವರ್ಷದ ಹುಡುಗಿಯ ಕೈ ಎದ್ದುಬಂತು. ಮೂರು ಹಲ್ಲಿಗೂ ಕಂಡಕಿ ಸುತ್ತುವ ದಿಕ್ಕಿನಲ್ಲೇ, ಅಂದರೆ ಪೂರಾ ಉಲ್ಟಾ, ತಂತಿ ಬಿತ್ತು. ಬ್ಯಾಟರಿ ಮುಟ್ಟಿಸಿದಾಗ ಭರ್ರನೆ ತಿರುಗಿತು. ಆ ಖುಷಿಯಲ್ಲಿ ಯಾವ ಕಡೆ ತಿರುಗಬೇಕು ಎಂದು ಯಾರು ಕೇಳುತ್ತಾರೆ? ಬಾಣ ಬರೆಯಲೂ ಮರೆತರು.

ಕ್ರಿಸ್ಮಸ್ಸಿನ ಹಿಂದಿನ ದಿನ ಬಾಗಲಕೋಟೆಯಿಂದ ಫೋನು. ರೈಲು ಓಡುತ್ತಿದೆ, ಆದರೆ ಹಿಂದಕ್ಕೆ! ಲಾಲಬಿಗೆ ನೆಲ ಬಿರಿದು ಒಳಗೆ ಹೋಗಬೇಕೆನಿಸಿತು. ಹಳಿಗೆ ಕರೆಂಟು ಕೊಡುವ ಎರಡು ವೈರುಗಳನ್ನು ಅದಲುಬದಲು ಮಾಡಿದರೆ ರೈಲು ಮುಂದಕ್ಕೆ ಹೋಗುತ್ತದೆ ಎಂದು ಹತ್ತು ಸಲ ಹೇಳಿದರು. ಗಾರ್ಡ್ ಸಾಹೇಬರು ಕೇಳಲೇ ಇಲ್ಲ. “ಇರಲಿ ಬಿಡ ತಂಗಿ, ಹಿಂಗೂ ಛಲೋ ಕಾಣತೈತಿ,” ಎಂದುಬಿಟ್ಟರು.

“ನಾ ಏನ್ ತಿಳ್ಕೊಂಡೆ ಅಂದ್ರ, ದೊಡ್ಡ ಮನಷ್ಯಾರು, ನನ್ನ ಮನಸ್ಸು ನೋಯಬಾರದಂತ ಹಂಗ ಅಂದಾರ ಅಂತ,” ಲಾಲಬಿ ಹೇಳುತ್ತಾರೆ. “ವರ್ಷಾ ಸತ್ಯವ್ವಕ್ಕಾರು ರಾಚಪ್ಪನ ಕೈಯಾಗ ಕೇಕು, ಕರ್ಚಿಕಾಯಿ ಕಳಸ್ತಾರ. ಬಾಯಾಗ ಇಟ್ಕೊಂಡ್ರ ಆ ರೈಲೇ ನೆನಪಾಗತೈತಿ. ಬಂದ ಮಂದಿ ನೋಡಿ ನಗತಿರ್ತಾರ, ಯಾರು ಸುತ್ಯಾರ್ರಿ ಇದನ್ನ ಅಂತ ಕೇಳ್ತಿರ್ತಾರ ಅನಸ್ತಿತ್ತು.” ಸಾವಿರಾರು ಮೋಟಾರು ಸರಿಯಾಗಿ ತಿರುಗುತ್ತಿರುವಾಗ ಒಂದು ಆಟಿಕೆಯ ಎಂಜಿನ್ನು ಈ ಹೆಣ್ಣುಮಗಳ ಆರು ವರ್ಷದ ನೆಮ್ಮದಿ ಕೆಡಿಸಿತ್ತು. ಹೀಗೆಂದರೆ ಮಲೀಕಸಾಬರು ಕೈ ಮುಗಿಯುತ್ತಾರೆ: “ನನ್ನ ಕೇಳ್ರಿ. ನಾ ಹಿಂದಮುಂದ ಕೇಳಿ ಕೇಳಿ ಸಾಕಾಗೇನಿ.”

ಹಾಗಾಗಿ ಈ ಡಿಸೆಂಬರ್ ಮೊದಲ ವಾರ ಎಂಜಿನ್ನು ಮತ್ತೆ ಸುಟ್ಟು ರಾಚಪ್ಪನವರ ಗಂಟಿನಲ್ಲಿ ಬಂದಾಗ, ಅಯ್ಯೋ ಎನ್ನಬೇಕಾದ ಲಾಲಬಿ ಅಲ್ಲಾಹನಿಗೆ ಶುಕ್ರ್ ಹೇಳಿದರು. ತಪ್ಪು ತಾನಾಗಿಯೇ ಮನೆಗೆ ನಡೆದು ಬಂದಿತ್ತು. ನಾಲ್ಕು ಬೆಳಗು ಕೂತು, ಏಳು ಸಲ ತಂತಿ ಹರಿದುಕೊಂಡು, ಕಂಡಕಿಯ ಕೈಗೆ ಹೆಜ್ಜೆ ಹೆಜ್ಜೆಗೂ ಗದರಿಸುತ್ತ, ಮೂರು ಹಲ್ಲಿಗೂ ಸರಿಯಾದ ದಿಕ್ಕಿನಲ್ಲಿ ಸುತ್ತಿ ಮುಗಿಸುತ್ತಾರೆ. ಕೊನೆಯ ಸುತ್ತು ಬಿದ್ದಾಗ ಅವರ ಮುಖ ನೋಡಬೇಕು. ಬಾಣ ಮಾತ್ರ ಈ ಸಲವೂ ಬರೆಯುವುದಿಲ್ಲ. “ಹಳೀ ಮ್ಯಾಲ ಓಡಿ ತೋರಸಲಿ, ಆಮ್ಯಾಲ ನೋಡೋಣು,” ಎಂದು ಎಂಜಿನ್ನನ್ನು ಸೀರೆಯ ತುಂಡಿನಲ್ಲಿ ಸುತ್ತಿ ಕಳಿಸುತ್ತಾರೆ.

ಡಿಸೆಂಬರ್ ಇಪ್ಪತ್ಮೂರು, ಮಧ್ಯಾಹ್ನ ಮೂರು ಗಂಟೆ. ಬಾಗಲಕೋಟೆಯಿಂದ ಫೋನು. ಹೊಗಳಿಕೆ ಕೇಳಲು ಸಿದ್ಧರಾಗಿ ಲಾಲಬಿ ಸ್ಪೀಕರ್ ಒತ್ತಿ ಮೇಜಿನ ಮೇಲಿಡುತ್ತಾರೆ.

“ಏನ್ ಮಾಡಿಟ್ಟಿ ತಂಗಿ! ರೈಲು ಮುಂದ ಹೊಂಟೈತಿ!”

“ರೈಲು ಮುಂದ ಹೋಗದ ಮತ್ತೆಲ್ಲಿ ಹೋಗಬೇಕ್ರಿ ಸಾಹೇಬ್ರ?”

“ನಮ್ಮ ರೈಲು ಹಂಗ ಹೋಗೂದಿಲ್ಲವ್ವಾ. ಮೊಮ್ಮಕ್ಕಳು ಊಟ ಬಿಟ್ಟು ಕುಂತಾವ. ನೀನೇ ಬರಬೇಕು. ನಾಳಿ ಬಾ. ಮಲೀಕಸಾಬರನ್ನೂ ಕರಕೊಂಡು ಬಾ.”

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಗಂಡಹೆಂಡತಿ ಹೊರಡುತ್ತಾರೆ. ಬಸ್ಸು ಹುನಗುಂದ ದಾಟುತ್ತದೆ. ಅಮೀನಗಡದಲ್ಲಿ ಮಲೀಕಸಾಬರು ಇಳಿದು ಕರದಂಟು ಕಟ್ಟಿಸಿಕೊಂಡು ಬರುತ್ತಾರೆ. “ತಪ್ಪು ಮಾಡಿದಾಗ ಸುಮ್ಮನಿದ್ದರು. ಸರಿ ಮಾಡಿದಾಗ ಬೈತಾರ. ರೈಲಿನ ಮಂದಿನ ಹಿಂಗೇನ್ರಿ?” ಎಂದು ಆಗ ಕೇಳುತ್ತಾರೆ ಲಾಲಬಿ. ಗಂಡ ಕರದಂಟಿನ ಒಂದು ತುಂಡು ಮುರಿದು ಅವರ ಕೈಗಿಡುತ್ತಾರೆ.

ಹೆಸರು ಕೇಳಿ, ಫೋನಿನಲ್ಲಿ ಮಾತಾಡಿ ಆರು ವರ್ಷವಾದರೂ ಲಾಲಬಿ ಆ ಮನೆಯ ಹೊಸ್ತಿಲು ತುಳಿಯುತ್ತಿರುವುದು ಇದೇ ಮೊದಲು. ಪಡಸಾಲೆಗೆ ಕಾಲಿಟ್ಟವರು ಅಲ್ಲೇ ನಿಂತುಬಿಡುತ್ತಾರೆ. ಎರಡು ಮಂಚದಷ್ಟು ಅಗಲದ ಹಲಗೆಯ ಮೇಲೆ ಅವರ ಸೀಮೆಯೇ ಹರಡಿದೆ. ಬಾದಾಮಿಯ ಕೆಂಪು ಕಲ್ಲುಗಳ ಗುಡ್ಡ, ಅದರ ಕೆಳಗೆ ಕನ್ನಡಿಯ ಹೊಂಡ. ಬೆಂಕಿಕಡ್ಡಿಯಲ್ಲಿ ಕಟ್ಟಿದ ಮಹಾಕೂಟದ ಗುಡಿ. ಚೊಳಚಗುಡ್ಡದ ಹೊಲಗಳ ಜಾಗದಲ್ಲಿ ಗೋಧಿಯ ಎಳೆ ಮೊಳಕೆ. ಹಳಿಯ ಕೊನೆಯ ಸ್ಟೇಷನ್ನಿಗೆ ಹಳದಿ ಹಲಗೆ, ಅದರ ಮೇಲೆ ಮೂರು ಭಾಷೆಯಲ್ಲಿ ‘ಬೆತ್ಲೆಹೇಮ್’, ಕೆಳಗೆ ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಎಂಬ ಲೆಕ್ಕ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಹುಲ್ಲಿನ ಗೋದಲಿ, ಅದನ್ನು ದಾಟಿದ ಕೂಡಲೇ ಕೆಂಪು ಸಿಗ್ನಲ್ಲು.

“ಇಲ್ಲಿ ನೋಡು,” ಎಂದು ಯೋಹಾನಪ್ಪ ಗುಂಡಿ ತಿರುಗಿಸುತ್ತಾರೆ. ಎಂಜಿನ್ನು ಲಾಲಬಿಯ ಹೊಸ ತಂತಿಯ ಬಲದಲ್ಲಿ ಸೊಗಸಾಗಿ ಓಡಿಬಂದು, ಗೋದಲಿಯ ಮುಂದೆ, ಸಿಗ್ನಲ್ಲಿಗೆ ಒಂದು ಬೆರಳು ಈಚೆ ನಿಲ್ಲುತ್ತದೆ. ಬಾಲದ ಗಾರ್ಡ್ ಡಬ್ಬಿ ಪ್ಲಾಟ್‌ಫಾರ್ಮನ್ನು ಮುಟ್ಟಿಯೇ ಇಲ್ಲ. ಅಷ್ಟು ದೂರ, ಮುಳ್ಳುಕಡ್ಡಿ ಚುಚ್ಚಿ ಮಾಡಿದ ಜಾಲಿಗಿಡಗಳ ನಡುವೆ ನಿಂತಿದೆ. ಅದರ ಬಾಗಿಲಲ್ಲಿ ಹಸಿರು ಬಾವುಟ ಹಿಡಿದ ಕಟ್ಟಿಗೆಯ ಗಾರ್ಡ್.

“ಮೂವತ್ನಾಕು ವರ್ಷ ನಾ ನಿಂತಿದ್ದು ಹಿಂಗ. ಸಣ್ಣ ಸ್ಟೇಷನ್ನಿನ್ಯಾಗ ಎಲ್ಲಾರೂ ಪ್ಲಾಟ್‌ಫಾರ್ಮಿನ್ಯಾಗ ಇಳದು ಚಾ ಕುಡೀತಿದ್ರು. ನನ್ನ ಡಬ್ಬಿ ಅತ್ತಾಗ ಜಾಲಿಗಿಡದಾಗ ಇರ್ತಿತ್ತು. ಎಷ್ಟು ಕ್ರಿಸ್ಮಸ್ ಹಂಗ ಹೋಗ್ಯಾವ. ಮನ್ಯಾಗರ ನನ್ನ ಡಬ್ಬಿ ಯೇಸುಸ್ವಾಮಿ ಮುಂದ ಬರಬೇಕಂದ್ರ, ಎಂಜಿನ್ನು ಕೆಂಪು ಸಿಗ್ನಲ್ ದಾಟಬೇಕು. ದಾಟೋದು ಹ್ಯಾಂಗ? ರೈಲು ಹಿಂದ ಓಡಸೂದು ಹ್ಯಾಂಗ? ರೂಲ್ ಬುಕ್ಕಿನ್ಯಾಗ ಇಲ್ಲ.” ಮುದುಕರು ಬಗ್ಗಿ ಕಟ್ಟಿಗೆಯ ಗಾರ್ಡನ್ನು ನೆಟ್ಟಗೆ ನಿಲ್ಲಿಸುತ್ತಾರೆ. “ಆವತ್ತು ನಿನ್ನ ತಪ್ಪಿನಿಂದ ಗಾರ್ಡ್ ಮೊದಲು ಬಂದ. ಗೋದಲಿ ಮುಂದ ನಿಂತ. ಹಿಂಗೂ ಛಲೋ ಕಾಣತೈತಿ ಅಂದೆನಲ್ಲ ತಂಗಿ, ಖರೇನೇ ಅಂದಿದ್ದೆ.”

ಲಾಲಬಿ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ. ಅಳುವೋ ನಗುವೋ ಪಕ್ಕದಲ್ಲಿದ್ದ ಸತ್ಯವ್ವನಿಗೂ ಗೊತ್ತಾಗುವುದಿಲ್ಲ.

“ವೈರ್ ನೀವೇ ಬದಲಿ ಮಾಡಬಹುದಿತ್ತಲ್ರಿ ಸಾಹೇಬ್ರ?”

“ನಾ ಮಾಡಿದ್ರ ರೂಲ್ ಮುರದಂಗ. ನೀ ಮಾಡಿದ್ರ ಅದು ವೈಂಡಿಂಗಿನ ತಪ್ಪು. ನನಗೇನೂ ಸಂಬಂಧ ಇಲ್ಲ,” ಎಂದು ಗಾರ್ಡ್ ಸಾಹೇಬರು ಗಂಭೀರವಾಗಿ ಹೇಳುತ್ತಾರೆ. ಮನೆ ತುಂಬ ನಗು.

ಲಾಲಬಿ ನೆಲದ ಮೇಲೆ ಕೂತು ಎರಡು ವೈರು ಬಿಚ್ಚಿ, ಅದಲುಬದಲು ಮಾಡಿ ಬಿಗಿಯುತ್ತಾರೆ. ಯೋಹಾನಪ್ಪ ರೈಲನ್ನು ತಿರುಗಿಸಿ ಹಳಿಯ ಮೇಲೆ ಇಟ್ಟು, ಕೊರಳಿನ ಹಳೇ ಪೀಪಿ ಊದುತ್ತಾರೆ. ರೈಲು ಬಾದಾಮಿಯ ಗುಡ್ಡ ಬಳಸಿ, ಹೊಂಡ ದಾಟಿ, ಗೋಧಿಯ ಹಸಿರಿನ ನಡುವೆ ಬಾಲ ಮುಂದೆ ಮಾಡಿಕೊಂಡು ಬರುತ್ತದೆ. ಸಿಗ್ನಲ್ಲಿಗೆ ಒಂದು ಬೆರಳು ಈಚೆ ನಿಲ್ಲುತ್ತದೆ. ಹಸಿರು ಬಾವುಟದ ಗಾರ್ಡ್ ಈಗ ಗೋದಲಿಯ ಕೂಸಿನ ಎದುರೇ ಇದ್ದಾನೆ. ಮೊಮ್ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಯೋಹಾನಪ್ಪ ತಲೆಯ ಟೋಪಿ ತೆಗೆಯುತ್ತಾರೆ.

ಕರದಂಟು, ಕರ್ಚಿಕಾಯಿ ಎಲ್ಲ ಮುಗಿದ ಮೇಲೆ ಲಾಲಬಿ ಸತ್ಯವ್ವನ ಬಳಿ ಕೆಂಪು ಬಣ್ಣ ಕೇಳುತ್ತಾರೆ. ಮನೆಯಲ್ಲಿ ಸಿಗುವುದು ಮೊಮ್ಮಗಳ ನೇಲ್ ಪಾಲಿಶ್ ಮಾತ್ರ. ಅದು ಸಾಕು. ಎಂಜಿನ್ನನ್ನು ಅಂಗೈಯಲ್ಲಿ ಅಂಗಾತ ಮಲಗಿಸಿ, ಚಾಳೀಸು ಏರಿಸಿ, ಉಸಿರು ಹಿಡಿದು ಅದರ ಹೊಟ್ಟೆಯ ಮೇಲೆ ಪುಟ್ಟ ಬಾಣವೊಂದನ್ನು ಬರೆಯುತ್ತಾರೆ. ಬಾಣದ ಮೊನೆ ಬಾಲದ ಕಡೆಗೆ.

“ಆತು,” ಎಂದು ಊದಿ ಒಣಗಿಸುತ್ತ ಹೇಳುತ್ತಾರೆ. “ಇದರ ಜವಾಬ್ದಾರಿ ನಂದು. ಇನ್ನ ಇದನ್ನ ಯಾರೂ ಸರಿ ಮಾಡಾಕ ಹೋಗಬ್ಯಾಡ್ರಿ.”