ಕಾಯಂ ಅಳಿಯ

ವಿದ್ಯಾಗಿರಿಯ ಆ ಓಣಿಯ ಮಟ್ಟಿಗೆ ಸರ್ಕಾರವೆಂದರೆ ಗುಮಾಸ್ತ ರಾಚಪ್ಪನವರೇ. ನಲ್ಲಿಗೆ ನೀರು ಬಾರದಿದ್ದರೂ ಜನ ಅವರನ್ನೇ ಕೇಳುತ್ತಿದ್ದರು. "ನೋಡೂಣು, ಮ್ಯಾಲಿನವರ ಜೋಡಿ ಮಾತಾಡ್ತೇನಿ" ಎನ್ನುತ್ತಿದ್ದರು ಇವರು. ಮೇಲಿನವರು ಯಾರೆಂದು ಯಾರೂ ಕೇಳಲಿಲ್ಲ. ಅದೂ ಒಂದು ಮರ್ಯಾದೆ.

ಇಂಥವರಿಗೆ ನಿವೃತ್ತಿಯ ಹೊತ್ತಿಗೆ ತೊಡಕು ಬಂತು. ನೌಕರಿ ಕಾಯಂ ಆಗುವ ಮೊದಲು ಕೆಲವು ವರ್ಷ ಅವರು ದಿನಗೂಲಿಯ ಮೇಲೆ ದುಡಿದಿದ್ದರು. ಆ ಸೇವೆ ಲೆಕ್ಕಕ್ಕೆ ಸೇರಿದರಷ್ಟೇ ಪೂರ್ತಿ ಪಿಂಚಣಿ. ಆದರೆ ಹಳೆ ಬಾಗಲಕೋಟೆ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗುವಾಗ ಕಚೇರಿಯೇನೋ ನವನಗರಕ್ಕೆ ಬಂತು, ಕೂಲಿಯ ಕಾಗದಗಳು ಬರಲಿಲ್ಲ. ಜೊತೆಗೆ ದುಡಿದವರು ಯಾರಾದರೂ ಬಂದು ಹೇಳಲಿ ಎಂದರು ಅಧಿಕಾರಿ ಶೀಲಾ.

ಉಳಿದಿದ್ದವನು ಆಗಿನ ಕಚೇರಿ ಸಿಪಾಯಿ, ಹುನಗುಂದದ ಹುಲ್ಲಪ್ಪ ಒಬ್ಬನೇ. ಬಂದವನು ರಾಚಪ್ಪನವರ ಪಕ್ಕ ಕೂತಿದ್ದ ಹೆಂಡತಿ ಗುರುಲಿಂಗವ್ವನನ್ನು ನೋಡಿದ್ದೇ ಸೆಟೆದು ನಿಂತು ಶೀಲಾರತ್ತ ತಿರುಗಿದ.

"ಟೆಂಪರರಿ? ಯಾರ ಹೇಳಿದ್ರಿ ಬಾಯಾರ? ಇವರು ಮೊದಲನೇ ದಿನದಿಂದ ಕಾಯಂ!"

ರಾಚಪ್ಪನವರು ಕೆಮ್ಮಿದರು. ಹುಲ್ಲಪ್ಪ ಧೈರ್ಯ ಹೇಳುವಂತೆ ಕಣ್ಣು ಮಿಟುಕಿಸಿದ.

ತಪ್ಪು ಅವನದಲ್ಲ. ದಿನಗೂಲಿಯವನಿಗೆ ಹೆಣ್ಣು ಕೊಡುವವರಾರು? ಇಳಕಲ್ಲಿನ ಮಾವ ವರನನ್ನು ವಿಚಾರಿಸಲು ಕಚೇರಿಗೆ ಬರುವ ಮುನ್ನ, ರಾಚಪ್ಪನವರು ಹುಲ್ಲಪ್ಪನಿಂದ ಬೀರಪ್ಪ ದೇವರ ಭಂಡಾರದ ಅರಿಶಿನ ಮುಟ್ಟಿಸಿ ಆಣೆ ಹಾಕಿಸಿಕೊಂಡಿದ್ದರು: ಬೀಗರ ಕಡೆಯವರ ಮುಂದೆ ದಿನಗೂಲಿಯ ಗುಟ್ಟು ಬಿಟ್ಟುಕೊಡಬಾರದು. ಹುಲ್ಲಪ್ಪ ನಿಯತ್ತಿನ ಮನುಷ್ಯ. ಆಣೆಗೆ ನಿವೃತ್ತಿ ವಯಸ್ಸಿದೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಹಂಗಾರ ಕೂಲಿ ಸೇವೆಕ್ಕ ಸಾಕ್ಷಿ ಇಲ್ಲ, ಪೂರ್ತಿ ಪಿಂಚಣಿ ಕಷ್ಟ ಐತ್ರಿ" ಎಂದು ಶೀಲಾ ಪೆನ್ನು ಕೆಳಗಿಟ್ಟರು.

ಗುರುಲಿಂಗವ್ವ ಸೆರಗು ಸರಿಮಾಡಿಕೊಂಡರು. "ಹುಲ್ಲಪ್ಪಣ್ಣ, ಖರೆ ಹೇಳು. ನನಗ ಎಂದೋ ಗೊತ್ತೈತಿ."

"ನಿನಗ ಹೆಂಗ ಗೊತ್ತು?" ಎಂದು ಬೆಚ್ಚಿದವರು ರಾಚಪ್ಪ.

"ಬಸವ ಜಯಂತಿ ರಜಾ ಬಂದ್ರ ಓಣಿ ನೌಕರದಾರೆಲ್ಲ ಹೋಳಿಗಿ ಉಂಡು ಮಲಗವ್ರು. ನೀವೊಬ್ಬರು ಮಾರಿ ಸಣ್ಣ ಮಾಡ್ಕೊಂಡು ಕುಂದರತಿದ್ರಿ. ದಿನದ ಕೂಲಿ ಹೋದವಗಲ್ಲದ ರಜಾದ ದುಃಖ ಯಾರಿಗೆ ಇರ್ತೈತ್ರಿ?"

ಹುಲ್ಲಪ್ಪ ಹಗುರಾದ. "ಉಸ್ಸಪ್ಪಾ! ಬೀರಪ್ಪ ಕ್ಷಮಿಸ್ಲಿ. ಬರಕೋರಿ ಬಾಯಾರ, ಇವರು ಪಕ್ಕಾ ಟೆಂಪರರಿ. ರಜಾ ದಿನಾನೂ ಬಂದು, 'ಬಾಗಲಾ ತಗಿಯೋ, ಏನರ ಕೆಲಸ ಕೊಡಸೋ' ಅಂತ ಕಾಡ್ತಿದ್ರು."

ಶೀಲಾ ನಗು ತಡೆದುಕೊಂಡು ಬರೆದುಕೊಂಡರು. ಸಾಕ್ಷಿ ಸಾಕೆಂದರು, ಹಳೆ ಸೇವೆ ಸೇರಿತು.

ಹೊರಗೆ ಬಂದ ರಾಚಪ್ಪನವರು ಮೆಲ್ಲಗೆ ಕೇಳಿದರು: "ನಿಮ್ಮ ಅಪ್ಪಗೂ ಗೊತ್ತೈತೇನ?"

"ಇಲ್ಲ. 'ನಮ್ಮ ಅಳಿಯ ಮೊದಲನೇ ದಿನದಿಂದ ಸರ್ಕಾರದಾಗ ಅದಾನ' ಅಂತ ಇನ್ನೂ ಕಟ್ಟಿ ಮ್ಯಾಲ ಕುಂತು ಹೇಳ್ತಾನ. ಹೇಳ್ಲಿ ಬಿಡ್ರಿ. ಇವತ್ತಿನಿಂದ ಅದು ಸುಳ್ಳಲ್ಲ."